ಕೆಳಗ ಏನದ?

ಚಾಚಾ ಹೊಲಸು ಮನುಷ್ಯ. ತೀರಿಕೊಂಡವರ ಬಗ್ಗೆ ಬರೆಯುವಾಗ ಹೀಗೆ ಶುರು ಮಾಡಬಾರದು ಎಂಬುದು ನನಗೂ ಗೊತ್ತು. ಆದರೆ ನಮ್ಮ ಗುತ್ತಿಗೆದಾರ ಸೇಡಂ ರಸ್ತೆಯ ತನ್ನ ಶೆಡ್ಡಿನ ಮುಂದೆ ಕಟ್ಟಿಸಿದ್ದ ಫ್ಲೆಕ್ಸು ನೋಡಿದ ಮೇಲೆ, ಸುಳ್ಳು ಹೊಗಳಿಕೆಗಿಂತ ನಿಜವಾದ ಹೊಲಸೇ ಎಷ್ಟೋ ಮೇಲು ಅನ್ನಿಸಿಬಿಟ್ಟಿತು. ಚಾಚಾನ ಆಧಾರ್ ಕಾರ್ಡಿನ ಮುಖ ಕತ್ತರಿಸಿ, ಹೆಲ್ಮೆಟ್ಟು ಬೆಲ್ಟು ಹಾಕಿಕೊಂಡ ಯಾವನೋ ವಿದೇಶಿಯವನ ದಷ್ಟಪುಷ್ಟ ಮೈಗೆ ಅಂಟಿಸಿದ್ದರು. ಕೆಳಗೆ ಕೆಂಪಕ್ಷರದಲ್ಲಿ 'ಹಗ್ಗವಿಲ್ಲದೆ ಮರವೇರಿದ ಗಂಡುಗಲಿ' ಎಂದಿತ್ತು. ಅದರ ಪಕ್ಕದಲ್ಲಿ, ಸತ್ತವನ ಮುಖಕ್ಕಿಂತ ದೊಡ್ಡದಾಗಿ, ಕೈ ಮುಗಿದು ನಿಂತ ಗುತ್ತಿಗೆದಾರನ ಫೋಟೊ.

ಹಗ್ಗವಿಲ್ಲದೆ! ಆರು ವರ್ಷ ಆ ಹಗ್ಗದ ಕೆಳತುದಿ ಹಿಡಿದು ನಿಂತವನು ನಾನು. ತೋಳು ದಪ್ಪದ ನುಗ್ಗೆ ಗಿಡ ಹತ್ತುವುದಿದ್ದರೂ ಆತ ಸೊಂಟಕ್ಕೆ ಹಗ್ಗ ಬಿಗಿದು, ಗಂಟನ್ನು ನನ್ನಿಂದ ಎಳೆಸಿ ನೋಡಿ, ಆಮೇಲೆ ಕಾಲು ಎತ್ತುತ್ತಿದ್ದ. ಧೈರ್ಯ ಎಂಬ ಮಾತು ಕೇಳಿದರೇ ಆತನಿಗೆ ಆಗುತ್ತಿರಲಿಲ್ಲ. "ಧೈರ್ಯ ಅದ ಅನ್ನಾವ ನನ್ನ ಗಿಡದ ಕೆಳಗ ಬರಬ್ಯಾಡ" ಅನ್ನುತ್ತಿದ್ದ. ಅಂಥವನನ್ನು ಗಂಡುಗಲಿ ಮಾಡಿ ನೇತು ಹಾಕಿದ್ದರು. ಹೆಸರನ್ನು ಅಲ್ಲಿ ಹಳದಿ ಬಣ್ಣದಲ್ಲಿ ಬರೆದು ಕೆಡಿಸಿದ್ದೇ ಸಾಕು, ನಾನು ಬರೆಯುವುದಿಲ್ಲ. ನಮ್ಮ ತಂಡದಲ್ಲಿ ಎಲ್ಲರಿಗೂ ಆತ ಚಾಚಾ.

ನಮ್ಮದು ಗಿಡ ಕಡಿಯುವ ತಂಡ. ಕರೆಂಟಿನ ತಂತಿಗೆ ತಾಗುವ ಟೊಂಗೆ, ಮನೆಯ ಮೇಲೆ ಬಾಗಿದ ಟೊಂಗೆ, ಗಾಳಿಗೆ ಸೀಳಿ ಅರ್ಧ ಜೋತುಬಿದ್ದದ್ದು, ಹೀಗೆ ಕಲಬುರಗಿಯ ತುಂಬ ಕೆಲಸ. ಅದಕ್ಕೂ ಮೊದಲು ನಾನು ನೆಹರು ಗಂಜಿನಲ್ಲಿ ತೊಗರಿಬೇಳೆ ಅಂಗಡಿಯೊಂದರ ಗುಮಾಸ್ತನಾಗಿದ್ದೆ. ಅಂಗಡಿ ಮುಚ್ಚಿತು. ಬಿ.ಎ. ಕೈಯಲ್ಲಿತ್ತು, ಅದನ್ನು ಕೇಳುವವರು ಯಾರೂ ಇರಲಿಲ್ಲ. ಯಾರೋ ಈ ಗುತ್ತಿಗೆದಾರನ ಹತ್ತಿರ ಕಳಿಸಿದರು. ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ ಒಂದು ಬೇವಿನ ಗಿಡದ ಕೆಳಗೆ ನಿಂತೆ. ಮೇಲಿನಿಂದ ತಂಬಾಕಿನ ಉಗುಳು ನೇರವಾಗಿ ಹೆಗಲ ಮೇಲೆ ಬಿತ್ತು. ಬಿಸಿಯಾಗಿತ್ತು. 

ನಾನು ಬಾಯಿಗೆ ಬಂದಂತೆ ಬೈದೆ. ಮೇಲೆ ಎಲೆಗಳ ನಡುವೆ ಒಂದು ಗಡ್ಡ ಕಾಣಿಸಿತು.

"ಉಗುಳು ಬೀಳೋ ಜಾಗಾದಾಗ ನಿಂತಿ ಅಂದ್ರ, ಟೊಂಗಿ ಬೀಳೋ ಜಾಗಾದಾಗೂ ನಿಂದ್ರತಿ. ಸರಿ ಅತ್ಲಾಗ."

ಇದನ್ನು ಓದಿ, ಆಹಾ ಎಂಥ ಪಾಠ ಕಲಿಸಿದ ಅಂತ ಯಾರೂ ಕರಗುವುದು ಬೇಡ. ಅದು ಉಗುಳು, ಅಷ್ಟೇ. ಆತ ಎಲ್ಲರ ಮೇಲೂ ಉಗುಳುತ್ತಿದ್ದ. ನಿಂತಿದ್ದ ಕಾರುಗಳ ಮೇಲೆ, ಕಾಂಪೌಂಡಿನ ಮೇಲೆ, ಒಣಹಾಕಿದ ಸೀರೆಗಳ ಮೇಲೆ. ಕಡ್ಡಿ ಮುರಿದು ಕಿವಿ ಕೆರೆದುಕೊಂಡು ಅದೇ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ. ಹೆಗಲ ಮೇಲಿನ ಟವೆಲ್ಲು ಯಾವ ಬಣ್ಣದ್ದಾಗಿತ್ತು ಎಂದು ಆರು ವರ್ಷದಲ್ಲಿ ನನಗೆ ತಿಳಿಯಲಿಲ್ಲ. ಬೇವಿನ ಅಂಟು ಮೆತ್ತಿದ ಕೈಯಲ್ಲೇ ರೊಟ್ಟಿ ಮುರಿದು, ಚೂರು ನನಗೂ ಚಾಚುತ್ತಿದ್ದ. ಒಲ್ಲೆ ಅಂದರೆ, "ಬಿ.ಎ.ಗ ಹೇಸಿಕಿ ಬರ್ತದ" ಎಂದು ಊರಿಗೆ ಕೇಳುವಂತೆ ಹೇಳುತ್ತಿದ್ದ. ನನ್ನನ್ನು ಆತ ಕರೆಯುತ್ತಿದ್ದದ್ದೇ ಹಾಗೆ, ಬಿ.ಎ. ಅಂತ.

ಕೆಲಸಕ್ಕೆ ನಿಂತಾಗ ಮಾತ್ರ ಆತನ ರೀತಿ ಬೇರೆ. ಮೇಲೆ ಹತ್ತಿದವನಿಗೆ ತಾನು ಕೂತ ಟೊಂಗೆ ಕಾಣುತ್ತದೆ, ಎಲೆ ಕಾಣುತ್ತದೆ, ನೆಲ ಕಾಣುವುದಿಲ್ಲ. ಕೆಳಗಿರುವವನು ಹೇಳಿದ್ದೇ ಆತನಿಗೆ ನೆಲ. ಹಾಗಾಗಿ ಪ್ರತಿಯೊಂದು ಟೊಂಗೆಗೂ ಕೊನೆಯ ಏಟು ಹಾಕುವ ಮೊದಲು ಚಾಚಾ ಕೈ ನಿಲ್ಲಿಸಿ ಕೇಳುತ್ತಿದ್ದ: "ಕೆಳಗ ಏನದ?"

ಇದಕ್ಕೆ 'ಎಲ್ಲಾ ಸರಿ ಅದ' ಅನ್ನುವಂತಿಲ್ಲ. ಹಾಗೆಂದ ದಿನ ಆತ ಕೊಡಲಿಯನ್ನು ಟೊಂಗೆಗೆ ಕಚ್ಚಿಸಿ, ಕಾಲು ಇಳಿಬಿಟ್ಟು ಕೂತು, ತಂಬಾಕು ತಿಕ್ಕಲು ಶುರು ಮಾಡುತ್ತಿದ್ದ. "ಸರಿ ಅದ ಅಂತ ನಾ ಕೇಳಿಲ್ಲ. ಏನದ ಅಂತ ಕೇಳೀನಿ." ಕಂಡದ್ದನ್ನು ಒಂದೊಂದಾಗಿ ಹೆಸರಿಟ್ಟು ಹೇಳಬೇಕು. ಎಡಕ್ಕ ಗೇಟು ಅದ. ಬಲಕ್ಕ ಎರಡು ಬೈಕು. ಮುಂದ ನಾಯಿ ಮಲಗ್ಯಾದ. ಮಂದಿ ಇಲ್ಲ. ಆಗ ನಾಯಿ ಎಬ್ಬಿಸು ಅನ್ನುತ್ತಿದ್ದ. ನಾಯಿ ಎದ್ದು ಹೋಗುವವರೆಗೆ ಗುತ್ತಿಗೆದಾರ ಕುಣಿದರೂ ಕೊಡಲಿ ಎತ್ತುತ್ತಿರಲಿಲ್ಲ.

ಎರಡನೆಯ ನೇಮ, ಕೆಳಗೆ ಬಾಯಿ ಒಂದೇ ಇರಬೇಕು. ಹಗ್ಗ ಹಿಡಿದವನ ಬಾಯಿ. ಮನೆಯ ಮಾಲೀಕ, ಗುತ್ತಿಗೆದಾರ, ದಾರಿಹೋಕ ಯಾರು ಏನು ಕೂಗಿದರೂ ಚಾಚಾನಿಗೆ ಕೇಳಿಸುತ್ತಿರಲಿಲ್ಲ. ಮೂರನೆಯದು ಕೈಯದು. ಟೊಂಗೆಗೆ ಕಟ್ಟಿದ ಹಗ್ಗವನ್ನು ಗಿಡದ ಬುಡಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ನಾನು ಬಲಗೈಯಲ್ಲಿ ಬಿಗಿ ಹಿಡಿದಿರುತ್ತಿದ್ದೆ. ಎಡಗೈ ಮೇಲೆ. ಎಡಗೈ ಮೇಲಿರುವಷ್ಟು ಹೊತ್ತು ಟೊಂಗೆ ಎಳೆಯುವವರು ದೂರ ನಿಂತಿರಬೇಕು. ಅವರು ನೋಡಬೇಕಾದ್ದು ಮೇಲಿನ ಗಿಡವನ್ನಲ್ಲ, ಈ ಕೈಯನ್ನು. ಟೊಂಗೆ ನೆಲಕ್ಕೆ ಕೂತ ಮೇಲೆ ನಾನು ಕೈ ಇಳಿಸುತ್ತೇನೆ, ಆಗ ಅವರು ಬಂದು ಎಳೆದುಕೊಂಡು ಹೋಗಬೇಕು. ಮಷೀನಿನ ಗರಗಸ ಬಂದ ಮೇಲಂತೂ ಈ ಕೈಯೇ ಎಲ್ಲ. ಆ ಗದ್ದಲದಲ್ಲಿ ಮಾತು ಎಲ್ಲಿ ಕೇಳಬೇಕು? ಚಾಚಾ ಮಷೀನು ಆರಿಸಿ, ಪ್ರಶ್ನೆ ಕೇಳಿ, ಉತ್ತರ ತೆಗೆದುಕೊಂಡು, ಮತ್ತೆ ಚಾಲೂ ಮಾಡುತ್ತಿದ್ದ. ಒಂದು ಗಿಡಕ್ಕೆ ಮೂವತ್ತು ಸಲ ಆರಿಸಿದ್ದೂ ಉಂಟು.

ಈ ನಿಧಾನಕ್ಕೆ ಗುತ್ತಿಗೆದಾರ ಉರಿದುಬೀಳುತ್ತಿದ್ದ. ಒಮ್ಮೆ ನಮಗಿಬ್ಬರಿಗೂ ಕಿವಿಗೆ ಸಿಕ್ಕಿಸುವ ಫೋನು ತಂದುಕೊಟ್ಟ. ಮೇಲಿನವನು ಕೆಳಗಿನವನು ಮಾತಾಡುತ್ತಲೇ ಕೆಲಸ ಮಾಡಲಿ, ಹೊತ್ತು ಉಳಿಯಲಿ ಎಂದು. ಚಾಚಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿ ನೋಡಿದ.

"ಇದರಾಗ ನಿಮ್ಮ ಹೆಂಡ್ತಿ ಫೋನೂ ಬರ್ತದೇನ್ರಿ ಸಾಹುಕಾರ್ರ?"

"ಬರ್ತದ. ಎಲ್ಲಾರದೂ ಬರ್ತದ."

"ಹಂಗಾದ್ರ ನಕ್ಕೋ, ಬ್ಯಾಡ. ಕೆಳಗ ಬಾಯಿ ಒಂದೇ ಇರ್ಬೇಕು."

ಅದನ್ನು ವಾಪಸು ಕೊಡುವ ಮೊದಲು ಸುಮ್ಮನೆ ಕಿವಿಗೆ ಸಿಕ್ಕಿಸಿ ತೆಗೆದ. ಆಮೇಲೆ ಗುತ್ತಿಗೆದಾರ ಅದನ್ನು ಬಟ್ಟೆಯಲ್ಲಿ ಹಿಡಿದು ಕಾರಿನೊಳಗೆ ಎಸೆದ. ಅಷ್ಟರಮಟ್ಟಿಗೆ ನಾನು ಗುತ್ತಿಗೆದಾರನ ಪಕ್ಷ.

ಹೊಲಸು ಅಂದೆನಲ್ಲ, ಒಬ್ಬನದೇ ಹೇಳಿದರೆ ತಪ್ಪಾದೀತು. ಸೇಡಂ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಎಂಥೆಂಥ ಸ್ವಚ್ಛ ಜನರಿದ್ದಾರೆ. ಮೇ ತಿಂಗಳ ಬಿಸಿಲಿನಲ್ಲಿ ಬೇವಿನ ನೆರಳಲ್ಲೇ ಕಾರು ನಿಲ್ಲಿಸುತ್ತಾರೆ, ಅದೇ ಬೇವಿನ ಎಲೆ ಕಾರಿನ ಮೇಲೆ ಉದುರುತ್ತದೆ ಎಂದು ಕಡಿಸಲು ಕರೆಯುತ್ತಾರೆ. ಒಂದು ಮನೆಯಲ್ಲಿ ಕುಡಿಯಲು ನೀರು ಕೇಳಿದಾಗ ಯಜಮಾನರು ಗಿಡಕ್ಕೆ ನೀರು ಬಿಡುವ ಪೈಪು ತೋರಿಸಿದರು. ಚಾಚಾ ಆಗ ಅರ್ಧ ಗಿಡ ಇಳಿದಿದ್ದ. ಅಲ್ಲೇ ಟೊಂಗೆಗೆ ಕಾಲು ಸುತ್ತಿ ಕೂತು, ಯಜಮಾನರನ್ನೇ ಕೇಳಿದ.

"ಸಾಹೇಬ್ರ, ಕೆಳಗ ಏನದ?"

"ಏನಪ್ಪ? ಏನೂ ಇಲ್ಲ."

"ಮೂರು ಮನುಷ್ಯಾರ ಇದ್ದಾರ, ನೋಡ್ರಿ. ನನ್ನ ಸೇರಸಿ ನಾಕು. ಚರಗಿ ತುಂಬಿ ತರ್ರಿ."

ಯಜಮಾನರು ಮುಖ ಕಪ್ಪು ಮಾಡಿಕೊಂಡು ಒಳಗೆ ಹೋಗಿ ತಾಮ್ರದ ಚರಗಿ ತಂದರು. ಚಾಚಾ ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ನೀರು ಕುಡಿದು ಬಾಯಿ ಮುಕ್ಕಳಿಸಿ ಅವರ ತುಳಸಿಕಟ್ಟೆಯ ಹತ್ತಿರವೇ ಉಗುಳಿದ. ನಮ್ಮನ್ನು ಆ ಮನೆಗೆ ಮತ್ತೆ ಕರೆಯಲಿಲ್ಲ, ಅವರದು ತಪ್ಪೂ ಅಲ್ಲ.

ಒಮ್ಮೆ ಕಮಲಾಪುರಕ್ಕೆ, ಆತನ ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ತಗಡು ಹೊದಿಸುವುದಿತ್ತು. ಚಾಚಿ ಅಂಗಳದಲ್ಲಿ ಏಣಿಯ ಕೆಳಗೆ ನಿಂತು, ಶಾಲೆಯ ಹುಡುಗಿ ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು. ಬಕೀಟು ಅದ, ಕೋಳಿ ಅದ, ಬಿ.ಎ. ಬಂದಾನ. ನನ್ನ ಕಡೆ ತಿರುಗಿ, "ನಲವತ್ತು ವರ್ಷ ಆಯ್ತಪ್ಪ, ಅಟ್ಟ ಹತ್ತಿ ಒಂದು ಗಡಿಗಿ ಇಳಸಬೇಕಂದ್ರೂ ನಾ ಕೆಳಗ ನಿಂತು ಇದನ್ನ ಹೇಳಬೇಕು" ಎಂದರು. ಆ ದಿನ ಅಂಗಳದಲ್ಲಿ ಕೂತು ಅವರ ಊರಿನ ಕೆಂಪು ಬಾಳೆಹಣ್ಣು ತಿಂದೆವು. ಈ ಕೇಳುವ ಚಟ ಎಲ್ಲಿಂದ ಬಂತು, ಮೊದಲು ಎಲ್ಲಾದರೂ ಏನಾದರೂ ಆಗಿತ್ತೇ ಎಂದು ಕೇಳಿದೆ. ಚಾಚಾ ಸಿಪ್ಪೆಯನ್ನು ನನ್ನ ಚಪ್ಪಲಿಯ ಮೇಲೆ ಒಗೆದ.

"ಕಥಿ ಬೇಕೇನು ನಿನಗ? ಮ್ಯಾಲ ಮಂಗ್ಯಾನೂ ಹತ್ತತದ. ಕೆಳಗ ನಿಂದ್ರೋದು ಮನುಷ್ಯಾನ ಕೆಲಸ. ಅಷ್ಟು ತಿಳ್ಕೊ, ಸಾಕು."

ಇನ್ನು ಶರಣಮ್ಮನ ಮಾತು. ಇಲ್ಲಿಂದ ಮುಂದೆ ಹೇಳುವುದು ಚಾಚಾನ ಹೊಲಸಲ್ಲ.

ಶರಣಮ್ಮ ಕಮಲಾಪುರದ ಕಡೆಯವಳೇ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಬಿದ್ದ ಟೊಂಗೆ ಎಳೆದು ರಾಶಿ ಹಾಕುವುದು ಆಕೆಯ ಕೆಲಸ. ಗಂಡಸರು ಇಬ್ಬರು ಎಳೆಯುವುದನ್ನು ಒಬ್ಬಳೇ ಎಳೆಯುತ್ತಿದ್ದಳು. ಅದಕ್ಕಿಂತ ಹೆಚ್ಚಿನದು ಆಕೆಯ ಕಿವಿ. ಒಳಗೆ ಹುಳ ತಿಂದ ಟೊಂಗೆ ಮುರಿಯುವ ಮೊದಲು ಸಣ್ಣಗೆ ಕಿರ್ರ್ ಅನ್ನುತ್ತದಂತೆ. ನನಗೆ ಒಂದು ದಿನವೂ ಕೇಳಲಿಲ್ಲ. ಶರಣಮ್ಮ ರಸ್ತೆಯ ಆಚೆ ನಿಂತು, ಆಟೋಗಳ ಗದ್ದಲದ ನಡುವೆ ಅದನ್ನು ಹಿಡಿಯುತ್ತಿದ್ದಳು. "ತಮ್ಮಾ, ಎಡಗಡೀದು ಮಾತಾಡ್ಲಾಕತ್ತದ, ಚಾಚಾಗ ಹೇಳು" ಅನ್ನುತ್ತಿದ್ದಳು. ತಾನೇ ಕೂಗುತ್ತಿರಲಿಲ್ಲ. ಕೆಳಗೆ ಬಾಯಿ ಒಂದೇ ಎಂಬುದನ್ನು ತಂಡದಲ್ಲಿ ಸರಿಯಾಗಿ ಪಾಲಿಸಿದವಳು ಆಕೆಯೊಬ್ಬಳೇ. ನಾನು ಹೇಳುತ್ತಿದ್ದೆ, ಚಾಚಾ ಆ ಟೊಂಗೆಯಿಂದ ಕಾಲು ತೆಗೆಯುತ್ತಿದ್ದ. "ಆಕಿ ಕಿವಿ ಮ್ಯಾಲ ನಾ ಗಿಡ ಹತ್ತತೀನಿ" ಎಂದು ಆತ ಎಲ್ಲರೆದುರು ಹೇಳಿದ್ದನ್ನು ಕೇಳಿದ್ದೇನೆ. ನನ್ನ ಬಗ್ಗೆ ಅಂಥ ಮಾತು ಒಂದೂ ಬರಲಿಲ್ಲ. ಹೊಟ್ಟೆಕಿಚ್ಚು ಇತ್ತೇ ಎಂದರೆ ಇತ್ತು.

ನಾಲ್ಕು ವರ್ಷದ ಹಿಂದೆ, ಸೇಡಂ ರಸ್ತೆಯದೇ ಒಂದು ದೊಡ್ಡ ಬೇವು. ಟೊಂಗೆಗಳು ತಂತಿಯ ಮೇಲೆ ಕೂತಿದ್ದವು. ಕರೆಂಟಿನ ಲೈನು ಬಂದ್ ಮಾಡಿಸಿಕೊಂಡು ಕೆಲಸಕ್ಕೆ ನಿಂತಿದ್ದೆವು. ಮಧ್ಯಾಹ್ನ ಹನ್ನೆರಡಕ್ಕೆ ಲೈನು ಕೊಡಲೇಬೇಕು ಎಂದು ಕರೆಂಟ್ ಆಫೀಸಿನ ಸಾಹೇಬರು ಗುತ್ತಿಗೆದಾರನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಉಳಿದದ್ದು ಒಂದೇ ಟೊಂಗೆ, ಆದರೆ ಮನುಷ್ಯನ ತೊಡೆ ದಪ್ಪದ್ದು. ಚಾಚಾ ಮಷೀನು ಆರಿಸಿದ.

"ಕೆಳಗ ಏನದ?"

"ಎಡಕ್ಕ ಕಾಂಪೌಂಡು. ಬಲಕ್ಕ ಕಂಬ. ಮಂದಿ ಇಲ್ಲ" ಎಂದೆ. ಆ ಕ್ಷಣಕ್ಕೆ ಅದು ನಿಜವೇ. ನೋಡಿಯೇ ಹೇಳಿದ್ದೆ. ಶರಣಮ್ಮ ಕಾಂಪೌಂಡಿನ ಮೂಲೆಯಲ್ಲಿ, ನನ್ನ ಎತ್ತಿದ ಎಡಗೈಯನ್ನೇ ನೋಡುತ್ತ ನಿಂತಿದ್ದಳು. ಮೇಲೆ ಮಷೀನು ಚಾಲೂ ಆಯಿತು.

ಆಗ ಗುತ್ತಿಗೆದಾರ ಪಕ್ಕಕ್ಕೆ ಬಂದು ಫೋನು ಚಾಚಿದ. "ಸಾಹೇಬ್ರು ಲೈನಿನ್ಯಾಗ ಇದ್ದಾರ. ನನ್ನ ಮಾತು ನಂಬವಲ್ರು. ನೀ ಓದಿದಾವ ಇದ್ದಿ, ಚೊಲೋತ್ನಾಗ ಹೇಳು, ಮುಗೀತಂತ."

ನೀ ಓದಿದಾವ ಇದ್ದಿ. ಆರು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಚಾಚಾನ ಬಾಯಲ್ಲಿ ಬಿ.ಎ. ಎಂಬುದು ಬೈಗುಳ. ಬಲಗೈಯಲ್ಲಿ ಹಗ್ಗ ಇತ್ತು. ನಾನು ಎಡಗೈ ಇಳಿಸಿ ಫೋನು ತೆಗೆದುಕೊಂಡೆ.

ಕೈ ಇಳಿಯಿತು, ಶರಣಮ್ಮ ಬಂದಳು. ಆರು ವರ್ಷ ಹೇಗೆ ಬರುತ್ತಿದ್ದಳೋ ಹಾಗೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಲಗುಬಗೆಯಿಂದ. ನಾನು ಅತ್ತ ಬೆನ್ನು ಮಾಡಿ, ನಮಸ್ಕಾರ ಸರ್, ಅನ್ನುತ್ತಿದ್ದೆ. ಪುಸ್ತಕದ ಕನ್ನಡದಲ್ಲಿ. ಮೇಲೆ ಟೊಂಗೆ ಕಳಚಿತು. ಒಂದು ಕೈಯಲ್ಲಿ ಹಿಡಿದ ಹಗ್ಗ ಬುಡದ ಸುತ್ತ ಸರ್ರನೆ ಜಾರಿ ಅಂಗೈ ಸುಟ್ಟಿತು. ತಿರುಗಿ ನೋಡುವಷ್ಟರಲ್ಲಿ ಎಲೆಗಳ ರಾಶಿ, ಅದರೊಳಗಿಂದ ಶರಣಮ್ಮನ ಒಂದು ಕೈ. ಆಕೆ ಕೂಗಲಿಲ್ಲ. ಫೋನಿನಲ್ಲಿ ಸಾಹೇಬರು ಹಲೋ ಹಲೋ ಅನ್ನುತ್ತಲೇ ಇದ್ದರು.

ಬಲಗಾಲಿನ ಹರಡು ಪುಡಿಯಾಗಿತ್ತು. ಜೀವ ಉಳಿಯಿತು. ಅಲ್ಲಿಂದ ಇವತ್ತಿನವರೆಗೂ ಆಕೆ ಆ ಕಾಲನ್ನು ಎಳೆದೇ ನಡೆಯುತ್ತಾಳೆ.

ಮೂರನೆಯ ದಿನ ಆಫೀಸಿನಿಂದ ಒಬ್ಬರು ವಿಚಾರಣೆಗೆ ಬಂದು ಗುತ್ತಿಗೆದಾರನ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ತಂಡದವರೆಲ್ಲ ಸಾಲಾಗಿ ನಿಂತಿದ್ದೆವು. ಚಾಚಾ ಅಷ್ಟರಲ್ಲಿ ದವಾಖಾನೆಗೆ ಹೋಗಿ ಶರಣಮ್ಮನನ್ನು ಕೇಳಿ ಬಂದಿದ್ದ. ಎಲ್ಲರಿಗಿಂತ ಮೊದಲು ಆತನೇ ಬಾಯಿ ಬಿಟ್ಟ.

"ಕಡದಾಂವ ನಾನು. ಕೆಳಗ ಏನದ ಅಂತ ಕೇಳ್ದೆ, ಈಂವ ಹೇಳ್ದ, ಮಷೀನ್ ಹಚ್ಚಿದೆ. ಈಂವ ಕೈ ಇಳಸ್ಯಾನ. ಕೈ ಇಳೀತಂದ್ರ ಆಕಿ ಬರ್ಬೇಕು, ಬಂದಾಳ. ಆಕಿದೇನೂ ತಪ್ಪಿಲ್ಲ."

ಬಂದವರು ನನ್ನ ಕಡೆ ನೋಡಿದರು. "ಕೈ ಇಳಿಸಿದ್ದೆಯಾ?"

ಗುತ್ತಿಗೆದಾರ ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು. ಆತ ಕಣ್ಣು ಕೂಡ ಮಿಟುಕಿಸಲಿಲ್ಲ. ಮುಂದಿನ ಮಾತು ನನ್ನ ಸ್ವಂತದ್ದು.

"ಇಲ್ರಿ ಸರ್. ಕೈ ಮ್ಯಾಲೇ ಇತ್ತು. ನಾ ಕೂಗಿದೆ, ಬರಬ್ಯಾಡಂತ. ಆಕಿಗಿ ಕಿವಿ ಕೇಳಂಗಿಲ್ರಿ."

ಎಲ್ಲಿಂದ ಬಂತು ಆ ಮಾತು? ತಂಡದಲ್ಲಿ ಯಾರ ಕಿವಿ ಚುರುಕೋ ಅವಳನ್ನೇ ಕಿವುಡಿ ಅಂದೆ. ಬೇರೆ ಸಾವಿರ ಸುಳ್ಳು ಇದ್ದವು. ಅವಸರ ಮಾಡಿದಳು ಅನ್ನಬಹುದಿತ್ತು, ಕಾಲು ಜಾರಿತು ಅನ್ನಬಹುದಿತ್ತು. ನನ್ನ ನಾಲಗೆ ಹುಡುಕಿ ಹುಡುಕಿ ಆ ಒಂದನ್ನೇ ಎತ್ತಿಕೊಂಡಿತು. ಗುತ್ತಿಗೆದಾರ ತಕ್ಷಣ ಹಿಡಿದುಕೊಂಡ. "ಹೌದ್ರಿ ಸರ್, ಮೊದಲಿಂದ ಸ್ವಲ್ಪ ಮಂದ ಅದ. ಬಡವಿ ಅಂತ ಇಟ್ಕೊಂಡಿದ್ದೆ." ಉಳಿದವರು ನೆಲ ನೋಡಿದರು. ಬಂದವರು ಬರೆದುಕೊಂಡರು. ಚಾಚಾ ನನ್ನನ್ನೇ ನೋಡುತ್ತಿದ್ದ. ಈ ಸಲ ಮುಖಕ್ಕೇ ಉಗುಳುತ್ತಾನೆ ಅಂದುಕೊಂಡೆ. ಉಗುಳಲಿಲ್ಲ. ಬಾಯೊಳಗಿದ್ದ ತಂಬಾಕನ್ನು ಬಾಗಿಲಾಚೆ ಹೋಗಿ ಉಗುಳಿ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ತನ್ನ ಹಗ್ಗದ ಸಿಂಬೆ ಹೆಗಲಿಗೆ ಹಾಕಿಕೊಂಡು ಕಮಲಾಪುರದ ಬಸ್ಸು ಹಿಡಿದ. ಆಮೇಲೆ ಆತ ಗಿಡ ಹತ್ತಲಿಲ್ಲ.

ಶರಣಮ್ಮ ಕಾಲಿನ ಎಲುಬು ಕೂಡಿಕೊಂಡ ಮೇಲೆ ಕೆಲಸ ಕೇಳಿ ಎರಡು ಮೂರು ತಂಡಗಳಿಗೆ ಹೋದಳಂತೆ. ಎಳೆಯಲು ಆಗದಿದ್ದರೆ ಬೇಡ, ಕೂತು ಕಡ್ಡಿ ಆರಿಸುತ್ತೇನೆ, ಟೊಂಗೆಯ ಸದ್ದು ಕೇಳಿ ಹೇಳುತ್ತೇನೆ ಅಂದಳಂತೆ. ಎಲ್ಲ ಕಡೆಯೂ ಮಾತು ಮೊದಲೇ ಹೋಗಿತ್ತು. ಕಿವುಡಿಯನ್ನು ಗಿಡದ ಕೆಳಗೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಆಕೆಯ ಜೊತೆ ಜನ ಜೋರಾಗಿ ಮಾತಾಡತೊಡಗಿದರು. ಅಂಗಡಿಯವನು ಕೂಗಿ ಹೇಳುತ್ತಾನೆ, ಬಸ್ಸಿನ ಕಂಡಕ್ಟರು ಕಿವಿಯ ಹತ್ತಿರ ಬಾಗಿ ಒದರುತ್ತಾನೆ. ಮೊದಮೊದಲು ನನಗೆ ಕೇಳ್ತದ ಅನ್ನುತ್ತಿದ್ದಳಂತೆ. ಆಮೇಲೆ ಬಿಟ್ಟಳು. ಕಡೆಗೆ ಚಾಚಾನೇ ಆಕೆಯನ್ನು ಕಮಲಾಪುರದ ಒಂದು ಬಾಳೆ ತೋಟದಲ್ಲಿ ಗೊನೆ ಒರೆಸುವ ಕೆಲಸಕ್ಕೆ ಹಚ್ಚಿದ.

ನನಗೆ ಏನಾಯಿತು? ಮುಂದಿನ ತಿಂಗಳೇ ಸೂಪರ್‌ವೈಸರ್ ಆದೆ. ಕೊರಳಿಗೊಂದು ಸೀಟಿ ಬಂತು. ಈಗ ನಮ್ಮ ತಂಡದಲ್ಲಿ ಮೇಲಿನವನು ಏನನ್ನೂ ಕೇಳುವುದಿಲ್ಲ. ನಾನು ಸೀಟಿ ಊದುತ್ತೇನೆ, ಟೊಂಗೆ ಬೀಳುತ್ತದೆ. ಪ್ರತಿ ಸೀಟಿಗೂ ಬಾಯೊಳಗೆ ಕಹಿ ಬರುತ್ತದೆ. ಉಗುಳಿಬಿಡುತ್ತೇನೆ. ಹೌದು, ಈಗ ನಾನೂ ಉಗುಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಚಾಚಾ ಕಂಡ. ಹೆಂಡತಿಗೆ ಸೀರೆ ಕೊಡಿಸಲು ಹೋಗಿದ್ದೆ. ಎದುರಿಗೆ, ಆಟೋಗಳ ನಡುವೆ, ಅದೇ ಟವೆಲ್ಲು. ನಾನು ಬಟ್ಟೆಯಂಗಡಿಯ ಬೊಂಬೆಯ ಹಿಂದೆ ಸರಿದು ನಿಂತೆ. ಸೀರೆ ಉಡಿಸಿದ ಬೊಂಬೆಯ ಹಿಂದೆ ಅಡಗಿದ ಬಿ.ಎ.! ಆತನಿಗೆ ನಾನು ಮೊದಲೇ ಕಂಡಿದ್ದೆ. ನೇರ ಬಂದು ಬೊಂಬೆಯ ಈಚೆ ನಿಂತ. ಮೈ ಇಳಿದಿತ್ತು, ಕೆಮ್ಮುತ್ತಿದ್ದ. ಹ್ಯಾಂಗಿದ್ದೀರಿ ಚಾಚಾ ಅಂದೆ. 

"ಆಕಿಗಿ ಕಿವಿ ಕೇಳ್ತದ ಅಂತ ಮಂದಿ ಮುಂದ ಹೇಳ್ದೇನು?"

"ಇಲ್ರಿ ಚಾಚಾ."

"ಯಾವಾಗ ಹೇಳ್ತಿ?"

ನಾನು ಬೊಂಬೆಯ ಸೆರಗು ಸರಿಮಾಡತೊಡಗಿದೆ. ಹೆಂಡತಿ ಒಳಗಿಂದ ಯಾರ್ರಿ ಅವರು ಎಂದು ಕೇಳಿದಳು. ಚಾಚಾ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. "ಕಡಿಲಾಕ ಹತ್ತಿದ ಟೊಂಗಿ ಅರ್ಧಾ ಬಿಟ್ಟು ಮನಿಗಿ ಹೋಗಬಾರ್ದು" ಎಂದು ಹೇಳಿ ಜನರೊಳಗೆ ಹೊರಟುಹೋದ. ಅದೇ ಕಡೆಯ ಮಾತು.

ಈ ವರ್ಷ ಆ ಕೆಮ್ಮಿನಲ್ಲೇ ಆತ ಹೋದ. ಗುತ್ತಿಗೆದಾರ ಶೆಡ್ಡಿನಲ್ಲಿ ಇಟ್ಟ ಶ್ರದ್ಧಾಂಜಲಿ ಸಭೆಯಲ್ಲಿ, ಫ್ಲೆಕ್ಸಿನ ಕೆಳಗೆ, ನನ್ನ ಕೈಗೆ ಮೈಕು ಕೊಟ್ಟರು. ನೀನು ಅವರ ಹಗ್ಗ ಹಿಡಿದವನು, ಎರಡು ಮಾತು ಆಡು ಎಂದು. ಏನು ಆಡಿದೆ ಗೊತ್ತೇ? ದೊಡ್ಡ ಮನುಷ್ಯರು, ಅವರಿದ್ದಾಗ ಎಲ್ಲ ಸರಿಯಾಗಿತ್ತು ಅಂದೆ. ಎಲ್ಲ ಸರಿಯಾಗಿತ್ತು! ಚಪ್ಪಾಳೆ ಬಿತ್ತು. ಗುತ್ತಿಗೆದಾರ ಕರ್ಚೀಫು ತೆಗೆದು ಒಣ ಕಣ್ಣು ಒರೆಸಿಕೊಂಡ. ಎಲ್ಲರಿಗೂ ಸಮೋಸ ಕೊಟ್ಟರು, ನಾನೂ ತಿಂದೆ. ಮನೆಗೆ ಬಂದು ಬಚ್ಚಲಲ್ಲಿ ಅಷ್ಟೂ ಕಕ್ಕಿದೆ.

ನಲವತ್ತನೆಯ ದಿನದ ಊಟಕ್ಕೆ ಕಮಲಾಪುರಕ್ಕೆ ಕರೆ ಬಂತು. ಚಾಚಿ ಹೇಳಿಕಳಿಸಿದ್ದರು. ತಂಡದವರು ಎಲ್ಲ ಬಂದಿದ್ದರು, ಬೇರೆ ತಂಡಗಳ ಹಗ್ಗದವರೂ ಇದ್ದರು, ಗುತ್ತಿಗೆದಾರ ಕಾರಿನಲ್ಲಿ ಬಂದು ಒಂದೇ ಒಂದು ಕುರ್ಚಿಯಲ್ಲಿ ಕೂತಿದ್ದ. ಉಳಿದವರು ಅಂಗಳದ ಚಾಪೆಯ ಮೇಲೆ. ಅತ್ತ ಒಲೆಗಳ ಹತ್ತಿರ ಹೆಂಗಸರ ನಡುವೆ ಶರಣಮ್ಮ ಕಾಲು ಚಾಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಬಡಿಸುವ ಹುಡುಗಿಯೊಬ್ಬಳು ಆಕೆಯ ಕಿವಿಗೆ ಬಾಗಿ, "ಅಕ್ಕಾ, ಈರುಳ್ಳಿ, ಈರುಳ್ಳಿ ಕೊಡು" ಎಂದು ಕಿರುಚಿದಳು. ಶರಣಮ್ಮ ತಟ್ಟೆ ಎತ್ತಿ ಕೊಟ್ಟಳು. ಆಕೆಗೆ ರೂಢಿಯಾಗಿಹೋಗಿತ್ತು.

ನನ್ನ ಎಲೆಯಲ್ಲಿ ಅನ್ನ ಬಿದ್ದಿತ್ತು. ಕೈ ಹಾಕಲು ಆಗಲಿಲ್ಲ. ಆ ಮನುಷ್ಯನ ಅಂಗಳ, ಆತನ ಏಣಿ ಇನ್ನೂ ಗೋಡೆಗೆ ಒರಗಿತ್ತು. ಎದ್ದು ನಿಂತೆ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಗೊತ್ತಿದ್ದ ಒಂದೇ ರೀತಿಯಲ್ಲಿ ಶುರು ಮಾಡಿದೆ.

"ಎಡಕ್ಕ ಕಾಂಪೌಂಡು ಇತ್ತು. ಬಲಕ್ಕ ಕಂಬ ಇತ್ತು."

ಜನ ತಲೆ ಎತ್ತಿದರು. ಗುತ್ತಿಗೆದಾರ, "ಏ, ಕೂಡು, ಊಟದಾಗ ಏನಿದು" ಎಂದ.

"ಮೂಲ್ಯಾಗ ಶರಣಮ್ಮ ಇದ್ದಳು. ನನ್ನ ಕೈ ನೋಡ್ಕೋತ ನಿಂತಿದ್ದಳು. ಸಾಹುಕಾರ್ರು ಫೋನ್ ಕೊಟ್ರು, ನಾ ಎಡಗೈ ಇಳಸಿದೆ. ಕೈ ಇಳೀತಂತ ಆಕಿ ಬಂದಳು. ಚಾಚಾ ಅವತ್ತು ಹೇಳಿದ್ದು ಖರೇ. ನಾ ಹೇಳಿದ್ದು ಸುಳ್ಳು. ನಾ ಕೂಗಿರಲಿಲ್ಲ."

ಯಾರೂ ಉಣ್ಣುತ್ತಿರಲಿಲ್ಲ. ಗುತ್ತಿಗೆದಾರ ಎದ್ದು ಕಾರಿನ ಕೀಲಿ ತಡಕಾಡುತ್ತಿದ್ದ. ಚಾಚಿ ಸೌಟು ಹಿಡಿದುಕೊಂಡೇ ನಿಂತಿದ್ದರು. ನಾನು ಒಲೆಯ ಕಡೆ ತಿರುಗಿದೆ. ಆಕೆ ತಲೆ ಎತ್ತಿರಲಿಲ್ಲ, ಈಳಿಗೆಯ ಮೇಲೆ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಕೇಳಿತೋ ಇಲ್ಲವೋ ಎಂದು ಗಂಟಲು ಹರಿಯುವಂತೆ ಕೂಗಿದೆ.

"ಶರಣಮ್ಮಕ್ಕಾ, ನಿನಗ ಕಿವಿ ಕೇಳಂಗಿಲ್ಲ ಅಂತ ನಾನೇ ಸುಳ್ಳು ಹೇಳೀನಿ."

ಶರಣಮ್ಮ ಈಳಿಗೆಯಿಂದ ಕೈ ತೆಗೆದಳು.

"ಒದರಬ್ಯಾಡೋ ತಮ್ಮಾ" ಎಂದಳು, ಇಷ್ಟು ಮೆಲ್ಲಗೆ. "ನನಗ ಕೇಳ್ತದ."